ಸಲಾಲಾದ ಮಂಜಿನಲ್ಲಿ ಗಣಪಜ್ಜನ ಜೀಪು

ಭಟ್ಕಳ

ಆ ಸಂಜೆ ಭಟ್ಕಳದ ಜಾಫರ್ ಭಾಯಿಯ ಮನೆಯ ಜಗುಲಿಯಲ್ಲಿ ಕೂತಿದ್ದವರು ಮೂವರು. ಮನೆಯ ಯಜಮಾನ ಜಾಫರ್ ಭಾಯಿ, ಕುಮಟೆ ಹತ್ತಿರದ ಕಾಗಾಲದಿಂದ ನನ್ನ ಜೊತೆ ಬಂದಿದ್ದ ಮಾದೇವಿ ಅತ್ತೆ, ಮತ್ತೆ ನಾನು. ಪರದೆಯ ಆಚೆ ಜಾಫರ್ ಭಾಯಿಯ ಬೀಬಿಯೂ ಇದ್ದರೆನ್ನಿ; ನಮ್ಮ ಮಾತು ಬಿಗಿಯಾದಾಗಲೆಲ್ಲ ಅವರ ಬಳೆಯ ಸದ್ದು ನಿಲ್ಲುತ್ತಿತ್ತು. ನಡುವೆ ಸ್ಟೂಲಿನ ಮೇಲೆ ಮೂರು ಲೋಟ ಚಹಾ, ಒಂದು ಮೊಬೈಲು. ಮೊಬೈಲಿನಲ್ಲಿ ಒಂದು ಜೀಪಿನ ಫೋಟೋ.

ಯುದ್ಧಕಾಲದ ಜೀಪು. ಈಗಿನವುಗಳಿಗಿಂತ ಗಿಡ್ಡ, ಮುಖ ಚಪ್ಪಟೆ. ಬಣ್ಣ ಬಳಿದಿರಲಿಲ್ಲ, ತುಕ್ಕು ತಡೆಯುವ ಕೆಂಪು ಪ್ರೈಮರ್ ಮಾತ್ರ. ಒಮಾನ್ ದೇಶದ ಸಲಾಲಾ ಎಂಬ ಊರಿನಲ್ಲಿ ಜಾಫರ್ ಭಾಯಿಗೆ ಬಟ್ಟೆ ಅಂಗಡಿ. ಅಲ್ಲಿಯ ಸಾಲಿಂ ಎಂಬವರು ತಮ್ಮ ಅಜ್ಜನ ಕಾಲದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಈ ಜೀಪನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದರು. ಕಟ್ಟಿದ ಮೇಲೆ ಒಂದು ಪ್ರಶ್ನೆಗೆ ಸಿಕ್ಕಿಬಿದ್ದಿದ್ದರು: ಇದು ಎಲ್ಲಿಯದು? ಊರ ಹೊರಗೆ ಒಂದು ಕಾಲದಲ್ಲಿ ಇಂಗ್ಲಿಷರ ವಿಮಾನದ ಕ್ಯಾಂಪು ಇತ್ತು. ಜೀಪು ಅಲ್ಲಿಯದಾದರೆ ಮರಳಿನ ಬಣ್ಣ ಬಳಿಯಬೇಕು. ಕಡಲಿನ ಮೇಲಿಂದ ಬಂದದ್ದಾದರೆ ಬೇರೆ ಬಣ್ಣ.

"ನಮ್ಮ ದಾದಾನ ಜೀಪ್ ಅದೇ ಇರಬೋದಾ ಅಂತ ನಂಗೆ ಒಂದು ಶಕ್," ಎಂದರು ಜಾಫರ್ ಭಾಯಿ. "ಅದಕ್ಕೇ ನಿಮ್ಮನ್ನ ಕರೆಸಿದ್ದು, ಮಾದೇವಕ್ಕ."

ಅತ್ತೆ ಮೊಬೈಲನ್ನು ಮುಟ್ಟಲಿಲ್ಲ. ನೋಡುತ್ತ ಕೂತಳು.

ಇಲ್ಲಿ ಒಂದಿಷ್ಟು ಹಿಂದಿನದನ್ನು ಹೇಳಬೇಕು. ಅತ್ತೆಯ ಅಪ್ಪ, ಅಂದರೆ ನನ್ನ ಅಜ್ಜ ಗಣಪು, ಜಾಫರ್ ಭಾಯಿಯ ದಾದಾನ, ಅಂದರೆ ಅವರ ಅಜ್ಜನ, ಡ್ರೈವರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪೊಂದನ್ನು ದಾದಾ ತಂದಿದ್ದರು. ಭಟ್ಕಳ, ಹೊನ್ನಾವರ, ಕುಮಟೆ ಎಂದು ಅಜ್ಜ ಅದನ್ನು ಕೆಲವು ವರ್ಷ ಓಡಿಸಿದ. ಆಮೇಲೆ ದಾದಾ ಅದನ್ನು ಕಡಲಾಚೆಯ ವರ್ತಕನೊಬ್ಬನಿಗೆ ಮಾರಿದರು. ಮಚ್ವೆಯ ಮೇಲೆ, ಅಂದರೆ ಹೆಂಚು-ನಾರು ಒಯ್ಯುವ ಹಾಯಿಹಡಗಿನ ಮೇಲೆ, ಜೀಪನ್ನು ಏರಿಸಿದರು. ಅಲ್ಲಿ ಒಪ್ಪಿಸಿ, ಯಾರಿಗಾದರೂ ಓಡಿಸಲು ಕಲಿಸಿ, ಗಾಳಿ ತಿರುಗಿದ ಮೇಲೆ ಬರುತ್ತೇನೆಂದು ಅಜ್ಜನೂ ಹತ್ತಿದ. ಮಚ್ವೆಯೂ ಬರಲಿಲ್ಲ, ಅಜ್ಜನೂ ಬರಲಿಲ್ಲ. ಅತ್ತೆ ಆಗ ಸಣ್ಣ ಹುಡುಗಿ, ನನ್ನ ಅಪ್ಪ ಅಜ್ಜಿಯ ಹೊಟ್ಟೆಯಲ್ಲಿ. ನಮ್ಮ ಮನೆಯಲ್ಲಿ ಓದು ಬರಹ ಯಾರಿಗೂ ಇರಲಿಲ್ಲವಾದ್ದರಿಂದ ಕಾಗದ ಪತ್ರದ ಆಸೆಯೂ ಇರಲಿಲ್ಲ. ಮಚ್ವೆ ಬಿರುಗಾಳಿಗೆ ಮುಳುಗಿತು ಎಂದರು ಕೆಲವರು. ಯಾವುದೋ ಅರಬ್ಬಿ ಬಂದರದಲ್ಲಿ ಕಂಡೆವು ಎಂದರು ಕೆಲವರು.

ಅತ್ತೆ ಇದನ್ನು ನನಗೆ ಒಮ್ಮೆ ಹೇಳಿದ್ದಳು: "ಮುಳುಗ್ತು ಅಂದ್ರೆ ಅಪ್ಪ ಸತ್ತ. ಮುಟ್ತು ಅಂದ್ರೆ ಅಪ್ಪ ನಮ್ಮನ್ನ ಬಿಟ್ಟ. ಯಾವ್ದು ಬೇಕು ಹೇಳ್, ತಮಾ?"

ಈಗ ಅವಳು ಬಾಯಿ ಬಿಟ್ಟಳು. "ಸಾಯ್ಬ್ರೇ, ಇದ್ರ ತಳ ಕಾಣೂ ಫೋಟೋ ಇಲ್ಯಾ?"

"ತಳ ಎಂತಕ್ಕೆ ಅಕ್ಕಾ?"

"ಮೋರೆ ನೋಡಿ ಎಂತ ಗುರ್ತು ಸಿಗ್ತದೆ? ಎಲ್ಲ ಜೀಪಿಗೂ ಅದೇ ಮೋರೆ. ತಳ ಕಾಣ್ಬೇಕು."

"ಬಗ್ಗಿ ಫೋಟೋ ತೆಗೆಯೋಕೆ ನನ್ನ ಮೊಣಕಾಲು ಬಿಡಬೇಕಲ್ಲ! ನೀವೇ ಬಂದು ನೋಡಿ ಹೋಗಿ."

ಜಾಫರ್ ಭಾಯಿ ನಗೆಗೆ ಹೇಳಿದ್ದು. ಅತ್ತೆ ಚಹಾದ ಲೋಟ ಕೆಳಗಿಟ್ಟು, "ಆತು," ಎಂದಳು.

ಹೊನ್ನಾವರ

ಮರಳುವಾಗ ಬಸ್ಸು ಶರಾವತಿ ಸೇತುವೆಯ ಮೇಲೆ ಬಂತು. ಈ ರಸ್ತೆಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ಕೂದಲು ಹಣ್ಣು ಮಾಡಿಕೊಂಡವನು ನಾನು. ಸೇತುವೆ ಬಂದಾಗ ಕಿಟಕಿಯ ಹೊರಗೆ ನೋಡಿದ್ದು ಕಡಿಮೆ. ಟಿಕೆಟು ಹರಿಯುವುದರಲ್ಲೇ ಹೊಳೆ ದಾಟಿಹೋಗುತ್ತಿತ್ತು. ಅವತ್ತು ನೋಡಿದೆ. ಹೊಳೆದಂಡೆಯ ಕಾಸರಕೋಡದ ಕಡೆ ದೋಣಿಗಳು ಬೂದು ನೀರಿನ ಮೇಲೆ ಅರೆನಿದ್ದೆಯಲ್ಲಿದ್ದವು.

"ಇದೆಲ್ಲ ಜಂಗಲ್ ಮೇಲೆ ದಾಟೂದು ನಾವು," ಎಂದಳು ಅತ್ತೆ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದರೆ ಜಂಗಲ್. ಅದರ ಮೇಲೆ ಜೀಪು, ಜೀಪಿನೊಳಗೆ ಅವಳು. "ಅಪ್ಪ ಮಾಡಿಟ್ಟ ಒಂದು ಘನಂದಾರಿ ಕೆಲ್ಸ ನಿಂಗೆ ಗೊತ್ತಿಲ್ಲ."

ಜೀಪಿನ ತಳದ ತಗಡಿನಲ್ಲಿ, ನೀರು ತುಂಬಿದರೆ ಹೋಗಲೆಂದೇ ತೂತು ಇಟ್ಟಿರುತ್ತಾರೆ. ಅಜ್ಜ ಹುಟ್ಟಿ ಬೆಳೆದದ್ದು ಕಾಸರಕೋಡದ ದೋಣಿ ಕಟ್ಟುವವರ ನಡುವೆ. ತಳದಲ್ಲಿ ತೂತು ಎಂದರೆ ಆ ಜನಕ್ಕೆ ನಿದ್ದೆ ಬಾರದು. ಅವನು ಮೊದಲ ದಿನವೇ ಹೊನ್ನೆ ಮರದ ಬೆಣೆ ಕೆತ್ತಿ, ಹತ್ತಿ ಸುತ್ತಿ, ತೂತಿಗೆ ಬಡಿದು, ಮೇಲೆ ರಾಳ ಕಾಸಿ ಬಳಿದ. ಒಳಗಿನಿಂದಲೂ ಬಳಿದ, ಹೊರಗಿನಿಂದಲೂ ಬಳಿದ. ಹೊಳೆಯ ನೀರು ಒಳಗೆ ಬರಲಿಲ್ಲ, ನಿಜ. ಮಳೆಗಾಲ ಬಂದದ್ದೇ ತಡ, ಮೇಲಿಂದ ಬಿದ್ದ ನೀರು ಹೊರಗೆ ಹೋಗಲಿಲ್ಲ.

"ಭಟ್ಕಳದಿಂದ ಕುಮಟೆ ಮುಟ್ಟೂದ್ರೊಳಗೆ ಕೆರೆ. ಪ್ಯಾಸೆಂಜರಿಗೆಲ್ಲ ಕಾಲು ಮೇಲೆ. ನಾ ಕಾಯಿ ಗೆರಟೆ ಹಿಡ್ಕಂಡು ನೀರು ಮೊಗೂದು, ಹೊರಗೆ ಚೆಲ್ಲೂದು. ದೋಣಿಗೂ ಜೀಪಿಗೂ ಫರಕು ಗೊತ್ತಿಲ್ದ ಡ್ರೈವರು ಅಂತ ಕುಮಟೆ ಪೇಟೇಲಿ ನಗ್ತಿದ್ರು."

"ಬೆಣೆ ಕಿತ್ತುಬಿಡಬೇಕಿತ್ತಲ್ಲ ಅತ್ತೆ?"

"ಅಂವ ಕೀಳ್ತನಾ! ತಳ ತೂತಿದ್ದ ಗಾಡಿಗೆ ನನ್ನ ಮಗಳನ್ನ ಹತ್ಸೂದಿಲ್ಲ ಅಂದ."

ಇದನ್ನು ಹೇಳಿ ಅತ್ತೆ ನಕ್ಕಳು, ಆಮೇಲೆ ಮಂಕಾದಳು. ಜಗತ್ತಿನಲ್ಲಿ ತಳದ ತೂತು ಮುಚ್ಚಿದ ಜೀಪು ಒಂದೇ ಇದ್ದೀತು ಎಂದು ನನಗೂ ಆಗ ಅನ್ನಿಸಿತು.

ಸಲಾಲಾ

ಮಳೆಗಾಲ ಹಿಡಿದ ಮೇಲೆ ಮಂಗಳೂರಲ್ಲಿ ವಿಮಾನ ಹತ್ತಿ, ಮಸ್ಕತ್ತಿನಲ್ಲಿ ಇಳಿದು ಇನ್ನೊಂದು ಹತ್ತಿ, ಸಲಾಲಾದಲ್ಲಿ ಇಳಿದೆವು. ಮಸ್ಕತ್ತಿನಲ್ಲಿ ಅತ್ತೆಯ ಚೀಲದಲ್ಲಿದ್ದ, ಸಾರಿಗೆ ಹಾಕುವ ಒಣ ಮುರುಗಲು ಸಿಪ್ಪೆಯನ್ನು ಒಬ್ಬ ಅಧಿಕಾರಿ ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಅತ್ತೆ ಒಂದು ಸಿಪ್ಪೆ ಎತ್ತಿ ತನ್ನ ಬಾಯಿಗೆ ಹಾಕಿ, ಇನ್ನೊಂದನ್ನು ಅವನ ಕೈಗಿತ್ತಳು. ಅವನೂ ತಿಂದ. ಹುಳಿಗೆ ಅವನ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಚೀಲ ಬಿಟ್ಟರು.

ಮರುಭೂಮಿ ಕಾಣುತ್ತೇನೆಂದು ಹೊರಟವನು ನಾನು. ಕಂಡದ್ದು ತೆಂಗಿನ ತೋಟ. ರಸ್ತೆ ಬದಿಗೆ ಸಾಲಾಗಿ ಎಳನೀರಿನ ಅಂಗಡಿ, ಬಾಳೆಗೊನೆ, ಪಪ್ಪಾಯಿ. ಮೇಲಿಂದ ಮಳೆಯೂ ಅಲ್ಲದ, ಇಬ್ಬನಿಯೂ ಅಲ್ಲದ ಹನಿ.

"ಇಷ್ಟು ದೂರ ಹಾರಿಸ್ಕಂಡು ಬಂದು ಇದೇ ತೆಂಗಿನಕಾಯಿ ತೋರಿಸ್ತ್ಯಾ?" ಎಂದು ಅತ್ತೆ ನನ್ನ ಮೇಲೆ ಹರಿಹಾಯ್ದಳು.

ನಮ್ಮ ಕಡಲನ್ನು ಕಲಕುವ ಮುಂಗಾರೇ ಹೋಗಿ ಆ ದಡವನ್ನೂ ತಾಗುತ್ತದೆಯಂತೆ. ಸುತ್ತಲಿನ ದೇಶವೆಲ್ಲ ಬಾಣಲೆಯ ಹಾಗೆ ಕಾಯುವಾಗ ಈ ಒಂದು ಪಟ್ಟಿ ಮಾತ್ರ ಹಸಿರಾಗಿ ಮಂಜಿನೊಳಗೆ ಮಲಗಿರುತ್ತದೆ. ಹನಿಗೆ ಮೈಯೊಡ್ಡಲೆಂದೇ ಜನ ದೂರದೂರದಿಂದ ಕಾರು ಓಡಿಸಿಕೊಂಡು ಬರುತ್ತಾರೆ. ಗುಡ್ಡದ ಹುಲ್ಲಿನ ಮೇಲೆ ಕಂಬಳಿ ಹಾಸಿ, ಕೊಡೆಯಿಲ್ಲದೆ, ಇಡೀ ಸಂಸಾರ ಒದ್ದೆಯಾಗುತ್ತ ಚಹಾ ಕುಡಿಯುತ್ತದೆ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಹಾಗೆ ಕೂತರೆ ಮನೆಯವರು ಗಾಬರಿಯಾಗಿ ಒಳಗೆ ಎಳೆದುಕೊಂಡು ಹೋದಾರು.

ಆಗಲೇ ಸಲಾಲಾಕ್ಕೆ ಮರಳಿದ್ದ ಜಾಫರ್ ಭಾಯಿ ನಮ್ಮನ್ನು ಗುಡ್ಡದ ಕಡೆ ಕರೆದೊಯ್ದರು. ಮಂಜು ರಸ್ತೆಯನ್ನು ನುಂಗಿತ್ತು. ಒಂದು ಕಡೆ ಕಾರು ನಿಂತೇಬಿಟ್ಟಿತು. ಮುಂದೆ ಏನೂ ಇಲ್ಲ, ಬಿಳುಪು ಮಾತ್ರ. ಆ ಬಿಳುಪಿನಿಂದ ಒಂದು ಉದ್ದ ಕುತ್ತಿಗೆ ಹೊರಬಂತು, ಹಿಂದೆ ಇನ್ನೊಂದು, ಮತ್ತೊಂದು. ಒಂಟೆಗಳು ಸದ್ದಿಲ್ಲದೆ, ನೀರಿನೊಳಗೆ ನಡೆಯುವಂತೆ ಕಾರಿನ ಎರಡೂ ಬದಿಗೆ ಹಾದುಹೋದವು. ಒಂದು ನಿಂತು ಅತ್ತೆಯ ಕಿಟಕಿಯೊಳಗೆ ನೋಡಿತು. ಅತ್ತೆಯೂ ಅದನ್ನು ನೋಡಿದಳು. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ಅಜ್ಜ ಮಂಜಿನ ಒಳಗೆಲ್ಲೋ ಜೀಪಿನ ಬಾನೆಟ್ಟು ತೆರೆದು ಬಗ್ಗಿ ನಿಂತಿದ್ದಾನೆ, ಈಗ ತಲೆಯೆತ್ತುತ್ತಾನೆ ಎಂದು ನನಗೆ ಅನ್ನಿಸುತ್ತಿತ್ತು. ನಾನು ಅವನ ಮುಖವನ್ನೇ ಕಂಡವನಲ್ಲ.

ಸಾಲಿಂ ಅವರ ಕೊಟ್ಟಿಗೆ

ಮರುದಿನ ಸಾಲಿಂ ಅವರ ಮನೆಗೆ ಹೋದೆವು. ಐವತ್ತರ ಆಸುಪಾಸಿನ ಮೃದು ಮಾತಿನ ಮನುಷ್ಯ. ಬಂದವರಿಗೆ ಮೊದಲು ಕೆಂಡದ ಪಾತ್ರೆಯಲ್ಲಿ ಲೋಬಾನ ಹಾಕಿ ಹೊಗೆ ಹಿಡಿಯುವುದು ಅವರ ಪದ್ಧತಿ. ನಾವು ಶುಕ್ರವಾರ ಅಂಗಡಿಗಳಲ್ಲಿ ನೋಡುವ ಲೋಬಾನವೇ. ಅದು ಮರದ ಅಂಟು, ಆ ಮರ ಬೆಳೆಯುವುದೇ ಆ ಗುಡ್ಡಗಳ ಆಚೆ. ಅತ್ತೆ ಸೆರಗನ್ನು ಹೊಗೆಗೊಡ್ಡಿ ನಿಂತಳು.

ಜೀಪು ಕೊಟ್ಟಿಗೆಯಲ್ಲಿ ಕೆಂಪಗೆ ನಿಂತಿತ್ತು. ಎಂಜಿನ್ನು ಹೊಸದಾಗಿ ಜೋಡಿಸಿದ್ದರು, ಟಯರು ಹೊಸದು, ಸೀಟು ಹೊಸದು. ಬಾಡಿಯ ತಗಡು ಮಾತ್ರ ಹಳೆಯದೇ. ಸಾಲಿಂ ತೋರಿಸಿದರು: ಮುಂಭಾಗ ಒಂದು ಜೀಪಿನದು, ಹಿಂಭಾಗ ಇನ್ನೊಂದರದು. ಹಿಂಭಾಗದಲ್ಲಿ ಪ್ರೈಮರ್ ಬಳಿಯುವ ಮೊದಲು ಕ್ಯಾಂಪಿನ ಮರಳು ಬಣ್ಣ ಸಿಕ್ಕಿತ್ತಂತೆ. ಮುಂಭಾಗದಲ್ಲಿ ಅದರ ಸುಳಿವಿಲ್ಲ. ನಡುವೆ ತಗಡಿನ ಮೇಲೆ ತಗಡು ಏರಿಸಿ ಸಾಲಾಗಿ ತಾಮ್ರದ ಮೊಳೆ ಹೊಡೆದು ಬಗ್ಗಿಸಿದ್ದರು. ಕ್ಯಾಂಪಿನ ವರ್ಕ್‌ಶಾಪಿನವರು ಅವಸರದಲ್ಲಿ ಮಾಡಿದ ಕೆಲಸ ಎಂದು ಅವರ ಊಹೆ.

ದೋಣಿಯ ಹಲಗೆ ಜೋಡಿಸಲು ಕಾಸರಕೋಡದವರು ಹೊಡೆಯುವ ಬಗೆಯ ಆ ಮೊಳೆಗಳ ಮೇಲೆ ಅತ್ತೆ ಬೆರಳು ಓಡಿಸಿದಳು. "ತಳ," ಎಂದಳು.

ಜಾಫರ್ ಭಾಯಿ ಅರಬ್ಬಿಯಲ್ಲಿ ಹೇಳಿದರು. ಸಾಲಿಂ ಒಳಗೆ ಹೋಗಿ ಒಂದು ಕಂಬಳಿ ತಂದರು. ಚಾಪೆ ಅಲ್ಲ, ಹೂಬಳ್ಳಿ ನೇಯ್ದ ಬೈಠಕ್ಕಿನ ಕಂಬಳಿ. ಅದನ್ನು ಜೀಪಿನ ಕೆಳಗೆ ಹಾಸಿದರು. ಎಪ್ಪತ್ತು ದಾಟಿದ ನನ್ನ ಅತ್ತೆ ಸೀರೆ ಸರಿಮಾಡಿಕೊಂಡು ಕಂಬಳಿಯ ಮೇಲೆ ಅಂಗಾತ ಮಲಗಿ, ಒಳಕ್ಕೆ ಸರಿದಳು. ನಾನೂ ಟಾರ್ಚು ಹಿಡಿದು ಪಕ್ಕದಲ್ಲಿ ಮಲಗಿದೆ. ಅಂಗಳದಲ್ಲಿ ಮಲಗಿ ನಕ್ಷತ್ರ ನೋಡುವವರ ಹಾಗೆ ಜೀಪಿನ ತಳ ನೋಡುತ್ತ ಇದ್ದೆವು.

"ಅಗಾ," ಎಂದಳು.

ಮುಂದಿನ ತಗಡಿನಲ್ಲಿ ದುಂಡನೆಯ ಬೆಣೆ. ಕಪ್ಪಗಾಗಿ ಕಬ್ಬಿಣದ ಹಾಗೆಯೇ ಕಾಣುತ್ತಿತ್ತು. ಅತ್ತೆ ಉಗುರಿನಿಂದ ಕೆರೆದಳು, ಮೂಸಿದಳು. "ಹೊನ್ನೆ. ರಾಳ. ಅಪ್ಪಂದೇ." ಬೆಣೆಯ ಮೇಲೆ ಅಂಗೈ ಇಟ್ಟಳು. "ಮುಟ್ಯಾನೆ ತಮಾ. ಮುಳುಗಲಿಲ್ಲ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಬಿಡಿಸಿಕೊಂಡು ಇನ್ನೂ ಹಿಂದಕ್ಕೆ ಸರಿದಳು. "ಬೆಳಕು ಹಿಡಿ."

ಹಿಂದಿನ ತಗಡಿನಲ್ಲಿಯೂ ತೂತು ಮುಚ್ಚಿತ್ತು. ಕ್ಯಾಂಪಿನ ಜೀಪಿನ ತಗಡು ಅದು. ಕ್ಯಾಂಪಿನವರು ಯಾಕೆ ಮುಚ್ಚಿಯಾರು? ಇಲ್ಲಿಯ ಬೆಣೆ ಬೇರೆ ಮರದ್ದು, ಬೆಳ್ಳಗೆ. ಮೇಲೆ ಬಳಿದದ್ದು ಕೂಡ ರಾಳದಷ್ಟು ಕಪ್ಪಲ್ಲ. ಅತ್ತೆ ತಲೆಯ ಪಿನ್ನು ತೆಗೆದು ಒಂದು ಚೂರು ಕೆದರಿ ತೆಗೆದಳು, ಹೊರಗೆ ಬಂದು ಕಡ್ಡಿಪೆಟ್ಟಿಗೆ ಕೇಳಿದಳು. ಚೂರಿಗೆ ಬೆಂಕಿ ತಾಗಿಸಿದ್ದೇ ಒಂದು ಎಳೆ ಹೊಗೆ ಎದ್ದಿತು.

ಲೋಬಾನ.

ಸಾಲಿಂ ಮುಂದೆ ಬಗ್ಗಿ ಮೂಸಿ, ಜಾಫರ್ ಭಾಯಿಯ ಮುಖ ನೋಡಿದರು. ಲೋಬಾನ ಕಾಸಿ ತಗಡಿಗೆ ಬಳಿದದ್ದನ್ನು ಅವರು ಯಾವತ್ತೂ ಕೇಳಿರಲಿಲ್ಲ.

"ಊರಿಂದ ತಂದ ರಾಳ ಮುಗ್ದಿತ್ತು," ಎಂದಳು ಅತ್ತೆ, ತನಗೆ ತಾನೇ. "ಇಲ್ಲಿ ಸಿಕ್ಕದ್ದು ಬಳ್ದ."

ಸಾಲಿಂ ಮತ್ತೆ ಕೇಳಿದ್ದನ್ನು ಜಾಫರ್ ಭಾಯಿ ನಮಗೆ ಹೇಳಿದರು: ಹಾಗಾದರೆ ಇದು ಎಲ್ಲಿಯ ಜೀಪು?

"ಅರ್ಧ ಇಲ್ಲಿದು, ಅರ್ಧ ನಮ್ದು," ಎಂದಳು ಅತ್ತೆ. "ಹೊಲ್ದದ್ದು ನಮ್ಮಪ್ಪ."

ಮರಿಯಂ ಬೀಬಿ

ಸಾಲಿಂ ಅವರಿಗೂ ಒಬ್ಬ ಅತ್ತೆ. ಮರಿಯಂ ಬೀಬಿ, ಜೀಪು ಕೊಂಡ ವರ್ತಕನ ಮಗಳು. ನಮ್ಮ ಅತ್ತೆಗಿಂತ ದೊಡ್ಡವರು. ಕಿವಿ ಸೂಕ್ಷ್ಮ, ಕಣ್ಣು ಮಸುಕು. ಜೀಪಿನ ಡ್ರೈವರನ ಮಗಳು ಬಂದಿದ್ದಾಳೆ ಎಂದಾಗ ಅವರು ಅತ್ತೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಣೆ, ಮೂಗು, ಗಲ್ಲ ಮುಟ್ಟಿ ನೋಡಿದರು. ಆಮೇಲೆ ಮಾತಾಡತೊಡಗಿದರು. ಅಕ್ಕಿ ಕೇರುವ ಸದ್ದಿನ ಹಾಗೆ ಮೆಲ್ಲಗೆ, ನಿಲ್ಲದೆ. ಮಾತಿನ ನಡುವೆ ಎರಡು ಅಂಗೈ ಜೋಡಿಸಿ ಮುಚ್ಚುವರು, ತೆರೆಯುವರು. ಮತ್ತೆ ಮುಚ್ಚುವರು, ತೆರೆಯುವರು. ಬಾಗಿಲಾಚೆ ಹನಿ ಬೀಳುತ್ತಲೇ ಇತ್ತು. ಅರ್ಥವಾಗದ ಆ ಮಾತಿಗೆ ನನಗೆ ಕಣ್ಣು ಎಳೆಯುವಂತಾಯಿತು.

ಅವರು ನಿಲ್ಲಿಸಿದ ಮೇಲೆ ಜಾಫರ್ ಭಾಯಿ ಗಂಟಲು ಸರಿಮಾಡಿಕೊಂಡರು.

"ಮಚ್ವೆ ಜೀಪನ್ನೂ ನಿಮ್ಮ ತಂದೇನೂ ಇಲ್ಲಿ ಇಳಿಸಿ ಆಫ್ರಿಕಾ ಕಡೆ ಹೋಯ್ತಂತೆ. ಮತ್ತೆ ಬರಲಿಲ್ಲ. ಅಷ್ಟೊತ್ತಿಗೆ ಮಳೆಗಾಲ. ಇಲ್ಲೂ ನಮ್ಮ ಹಾಗೇ ಅಕ್ಕಾ, ಮಳೆಗಾಲದಲ್ಲಿ ಸಮುದ್ರ ಬಂದ್. ಒಂದು ದೋಣೀನೂ ಇಳಿಯೋದಿಲ್ಲ. ಸಮುದ್ರ ತೆರೀಲಿ, ಹೋಗ್ತೇನೆ ಅಂತ ಕಾಯ್ತಿದ್ರಂತೆ. ತೆರೆಯೋ ಮೊದಲು ಜ್ವರ ಬಂತು. ಗುಜರಾತಿ ವರ್ತಕರು ಇದ್ರು, ಅವರೇ ಮಣ್ಣು ಮಾಡದೆ, ನಿಮ್ಮ ಪದ್ಧತಿ ಪ್ರಕಾರ ದಂಡೆ ಮೇಲೆ ಸುಟ್ಟರಂತೆ."

ಅತ್ತೆ ತಲೆಯಾಡಿಸಿದಳು. ಮರಿಯಂ ಬೀಬಿಯ ಅಂಗೈಗಳನ್ನು ತನ್ನ ಅಂಗೈಯಲ್ಲಿ ಹಿಡಿದು ತುಂಬ ಹೊತ್ತು ಕೂತಳು. ಕಾಫಿ ತಣ್ಣಗಾಯಿತು, ಖರ್ಜೂರ ಹಾಗೇ ಉಳಿಯಿತು.

ಜೀವಮಾನವಿಡೀ ಪ್ಯಾಸೆಂಜರುಗಳ ಮಾತು ಕೇಳಿದವನು ನಾನು. ಆ ಮುದುಕಿ ಹೇಳಿದ್ದು ಒಂದು ಕೊಡ, ನಮಗೆ ದಾಟಿದ್ದು ಒಂದು ಚೊಂಬು ಎಂಬುದು ನನಗೆ ತಿಳಿಯಿತು. ಮರುದಿನ ಬೆಳಿಗ್ಗೆ ಎಳನೀರಿನ ಅಂಗಡಿಯ ಮುಂದೆ ಜಾಫರ್ ಭಾಯಿಯನ್ನು ಹಿಡಿದುಕೊಂಡೆ.

"ಇನ್ನೆಂತ ಹೇಳಿದ್ರು ಭಾಯಿ?"

ಅವರು ಎಳನೀರಿನೊಳಗೆ ನೋಡುತ್ತ ನಿಂತರು. "ಸಮುದ್ರ ತೆರೀತು, ಮಾರಾಯ್ರೆ. ಬಹಳ ಸಲ ತೆರೀತು. ನಿಮ್ಮಜ್ಜ ಇಲ್ಲಿ ಎಷ್ಟೋ ಮಳೆಗಾಲ ಕಂಡ್ರು. ಪ್ರತಿ ಸಲಾನೂ ಹೊರಡೋರೇ. ಅಷ್ಟರಲ್ಲಿ ಜೀಪ್ ಕೆಡ್ತಿತ್ತು. ಇದನ್ನ ಸರಿ ಮಾಡಿ ಮುಂದಿನ ಗಾಳಿಗೆ ಹೋಗ್ತೇನೆ ಅನ್ನೋರು. ಅದು ಸರಿಯಾದ್ರೆ ಇನ್ನೊಂದು. ಕಡೆಗೆ ಕ್ಯಾಂಪಿನವರು ಬಿಸಾಕಿದ ಜೀಪ್ ತಂದು ಅರ್ಧ ಕತ್ತರಿಸಿ ಜೋಡಿಸಿದ್ರು. ಅದು ಮುಗಿದ ವರ್ಷ ಜ್ವರ ಬಂತು."

"ಹೆಂಗಸು, ಸಂಸಾರ ಏನಾದ್ರೂ..."

"ಇಲ್ಲ ಇಲ್ಲ. ಜೀಪೇ." ಎಳನೀರನ್ನು ಕೆಳಗಿಟ್ಟರು. "ಆ ವಯಸ್ಸಿನ ಹೆಣ್ಣುಮಗಳಿಗೆ ಇದನ್ನ ಹ್ಯಾಗೆ ಹೇಳೋದು? ಕಳಿಸಿದ್ದು ನನ್ನ ದಾದಾ. ನೀವೂ ಹೇಳಬೇಡಿ."

ಹೇಳುವುದಿಲ್ಲ ಎಂದೆ.

ಹೊರಡುವ ಮುಂಚೆ ಅತ್ತೆಯನ್ನು ದಂಡೆಗೆ ಕರೆದೊಯ್ದೆವು. ನೀರು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಅಲೆಗಳು ಕಾಣುವ ಮೊದಲು ಕೇಳಿಸುತ್ತಿದ್ದವು. ನೇರ ಆಚೆ ಎಲ್ಲೋ ನಮ್ಮ ದಡ. ಅದೂ ಆಗ ಹೀಗೆಯೇ ಮೊರೆಯುತ್ತಿರಬೇಕು ಎಂದುಕೊಂಡೆ.

ಕಾಗಾಲ

ವಿಮಾನದಲ್ಲಿ ಅವಳಿಗೆ ಕಿಟಕಿ ಸೀಟು. ಕೆಳಗೆ ಮೋಡ ಹಾಸಿತ್ತು.

"ಜಾಫರ್ ಸಾಯ್ಬ್ರು ಒಳ್ಳೆಯವ್ರು," ಎಂದಳು, ಕಿಟಕಿಯ ಕಡೆ ತಿರುಗಿಯೇ. "ನಂಗಾಗಿ ಸುಳ್ಳು ಹೇಳ್ದ್ರು. ನಂಗೆ ಗೊತ್ತಾಯ್ದು ಅಂತ ಅವ್ರಿಗೆ ಹೇಳ್ಬೇಡ."

ನಾನು ಮುಂದಿನ ಸೀಟಿನ ಜೇಬಿನಿಂದ ಕಾಗದ ತೆಗೆದು ಓದತೊಡಗಿದೆ.

"ನಿಂಗೂ ಗೊತ್ತಿತ್ತಾ? ಥೂ ನಿನ್ನ! ಆ ಮರಿಯಂ ಅಜ್ಜಿಯ ಕೈ ಎಷ್ಟು ಸಲ ಮುಚ್ತು, ಎಷ್ಟು ಸಲ ತೆರೀತು ಅಂತ ನಾ ಕಾಣ್ಲಿಲ್ವಾ? ಕೈ ಮಾತು ಬಿಡು. ಆ ತಗಡಿಗೆ ತಗಡು ಹೊಲ್ದ ಕೆಲ್ಸ ಕಂಡ್ಯಲ್ಲ. ಇವತ್ತೋ ನಾಳೆಯೋ ಹೋಗೂ ಮನ್ಶ ಅಷ್ಟು ಚಂದ ಮಾಡೂದಿಲ್ಲ, ತಮಾ. ರಾಳ ಮುಗ್ಸಿ, ಆ ಊರಿನ ಅಂಟು ಯಾವ್ದು ಹಿಡೀತದೆ ಅಂತ ಕಲ್ತು ಮಾಡಿದ್ದು ಅದು."

"ಸಿಟ್ಟು ಬಂತಾ ಅತ್ತೆ?"

"ಬಾರ್ದೇ? ಇಷ್ಟು ವರ್ಷ ಸಿಟ್ಟು ಮಾಡೂಕೂ ಹೆದ್ರಿಕೆ. ಸತ್ತೇ ಹೋಗಿದ್ರೆ ಪಾಪ ಅಂತ. ಅಳೂಕೂ ಹೆದ್ರಿಕೆ. ಎಲ್ಲೋ ಚಂದ ಇದ್ರೆ ಅಂತ." ಸೆರಗು ಹೊದ್ದು ಸೀಟಿಗೆ ಒರಗಿ ಹೇಳಿದಳು: "ಈಗ ಎರಡೂ ಮಾಡಬೋದು."

ಮಂಗಳೂರು ಬಂತು ಎನ್ನುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು.

ಆ ಮಳೆಗಾಲ ಇಳಿದು ಪಿತೃಪಕ್ಷ ಬಂತು. ನಮ್ಮ ಕಡೆ ಅಮಾವಾಸ್ಯೆಯ ದಿನ ಸತ್ತ ಹಿರಿಯರ ಹೆಸರಿನಲ್ಲಿ ಎಲೆ ಹಾಕಿ ಅವರವರ ಇಷ್ಟದ ಅಡುಗೆ ಬಡಿಸಿ, ಬಾಗಿಲು ಮುಚ್ಚಿ, ಅವರು ಉಣ್ಣುವವರೆಗೆ ಹೊರಗೆ ಕಾಯುತ್ತಾರೆ. ಎಲೆಯ ಸಾಲಿನಲ್ಲಿ ಗಣಪಜ್ಜನಿಗೆ ಜಾಗ ಇರಲಿಲ್ಲ, ಬದುಕಿದ್ದಾನೆಂದು ಕಾಯುತ್ತಿದ್ದ ಅಜ್ಜಿ ಇಡಲು ಬಿಟ್ಟಿರಲಿಲ್ಲ. ಈ ಸಲ ಅತ್ತೆ ಅಜ್ಜಿಯ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದಳು. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಒಂದು ಹುರಿದ ಮೀನು ಬಡಿಸಿದಳು. ನಾವೆಲ್ಲ ಕೈಮುಗಿದು ಹೊರಗೆ ಬಂದೆವು. ಅತ್ತೆ ಮಾತ್ರ ಬಾಗಿಲ ಹತ್ತಿರ ನಿಂತಳು. ಸೊಂಟದ ಮೇಲೆ ಕೈಯಿಟ್ಟು, ಪೇಟೆಗೆ ಹೋಗಿ ತಡವಾಗಿ ಬಂದವರನ್ನು ಬೈಯುವಂತೆ, ಎಲೆಯ ಕಡೆ ನೋಡಿ ಜೋರಾಗಿ ಹೇಳಿದಳು:

"ಎಂತದು, ಇಷ್ಟು ತಡ ಮಾಡೂದಾ? ಅವ್ವಿ ಕಾದೂ ಕಾದೂ ಹೋದ್ಳು. ಉಣ್ಣು ಈಗ, ತಣ್ದು ಹೋಗ್ತದೆ."

ಆಮೇಲೆ ಬಾಗಿಲು ಮುಚ್ಚಿದಳು.